ಹಳೆ ಬ್ಯಾಟರಿಗೆ ಹೊಸದನ್ನು ಜೋಡಿಸಬಹುದಾ? ಸೀರೀಸಾ, ಪ್ಯಾರಲಲ್ಲಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಮಳೆಗಾಲದಲ್ಲಿ ಒಮ್ಮೆ ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ಮನೆಯಲ್ಲಿ 900 ವಿಎ ಇನ್ವರ್ಟರ್ ಇದೆ, ಅದಕ್ಕೆ 150 ಎಎಚ್‌ನ ಒಂದು ಟ್ಯೂಬುಲರ್ ಬ್ಯಾಟರಿ. ಹಾಕಿ ನಾಲ್ಕು ವರ್ಷ ಆಯಿತು. ಮೊದಲು ಎರಡು ಫ್ಯಾನ್, ನಾಲ್ಕು ಎಲ್‌ಇಡಿ ಬಲ್ಬ್, ಟಿವಿ, ವೈಫೈ ಎಲ್ಲ ಹಾಕಿದರೂ ನಾಲ್ಕೂವರೆ ಗಂಟೆ ಬರುತ್ತಿತ್ತು. ಈಗ ಒಂದೂವರೆ ಗಂಟೆಗೇ ಇನ್ವರ್ಟರ್ ಕೂಗಲು ಶುರು ಮಾಡುತ್ತದೆ. ಇನ್ನೊಂದು ಹೊಸ 150 ಎಎಚ್ ಬ್ಯಾಟರಿ ತಂದು ಇದರ ಜೊತೆ ಸೇರಿಸೋಣ ಅಂತಿದ್ದೇನೆ. ನಮ್ಮ ಎಲೆಕ್ಟ್ರಿಷಿಯನ್ ‘ಸೀರೀಸ್ ಮಾಡಿ, ಪವರ್ ಡಬಲ್ ಆಗುತ್ತೆ’ ಅಂತಾರೆ. ಭಾವ ಪ್ಯಾರಲಲ್ ಮಾಡು ಅಂತಾರೆ. ಪಕ್ಕದ ಮನೆಯವರು ‘ಪ್ಯಾರಲಲ್ ಮಾಡಿದರೆ ಒಂದು ಬ್ಯಾಟರಿ ಇನ್ನೊಂದನ್ನು ತಿಂದುಬಿಡುತ್ತೆ, ಬೆಂಕಿ ಹತ್ತಿದ್ದೂ ಉಂಟು’ ಅಂತ ಹೆದರಿಸಿದ್ದಾರೆ. ಹೊಸದು ಲಿಥಿಯಂ ಆದರೆ ಇನ್ನೂ ಒಳ್ಳೆಯದಾ? ಏನು ಮಾಡಲಿ?

ಉತ್ತರ: ಮೊದಲು ಒಂದು ಮಾತು. ಬ್ಯಾಟರಿ ತರುವ ಮೊದಲೇ ಕೇಳಿದಿರಲ್ಲ, ಅದು ಒಳ್ಳೆಯದಾಯಿತು. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ತಂದು, ಜೋಡಿಸಿ, ಆರು ತಿಂಗಳಿಗೆ ಎರಡೂ ಕೆಟ್ಟ ಮೇಲೆ ಬರುತ್ತಾರೆ.

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಸೀರೀಸೋ ಪ್ಯಾರಲಲ್ಲೋ ಅನ್ನುವುದು ಒಂದು. ಹಳೆಯದಕ್ಕೂ ಹೊಸದಕ್ಕೂ ಗಂಟು ಹಾಕಬಹುದಾ ಅನ್ನುವುದು ಇನ್ನೊಂದು. ಎಲ್ಲರೂ ಮೊದಲನೆಯದರ ಬಗ್ಗೆ ವಾದ ಮಾಡುತ್ತಿದ್ದಾರೆ. ಆದರೆ ಅದನ್ನು ನಿಮ್ಮ ಇನ್ವರ್ಟರ್ ಆಗಲೇ ತೀರ್ಮಾನ ಮಾಡಿಬಿಟ್ಟಿದೆ. ಒಂದೇ 12 ವೋಲ್ಟ್ ಬ್ಯಾಟರಿಯಲ್ಲಿ ನಡೆಯುತ್ತಿದೆ ಅಂದರೆ ಅದು 12 ವೋಲ್ಟಿನ ಇನ್ವರ್ಟರ್. ಅದಕ್ಕೆ ಎರಡು ಬ್ಯಾಟರಿಯನ್ನು ಸೀರೀಸ್ ಮಾಡಿ ಕೊಟ್ಟರೆ 24 ವೋಲ್ಟ್ ಹೋಗುತ್ತದೆ. ಅದೃಷ್ಟ ಇದ್ದರೆ ಇನ್ವರ್ಟರ್ ತಾನೇ ಆಫ್ ಆಗಿ ಎರರ್ ತೋರಿಸುತ್ತದೆ. ಇಲ್ಲದಿದ್ದರೆ ಒಳಗಿನ ಮಾಸ್ಫೆಟ್, ಕೆಪಾಸಿಟರ್ ಸುಟ್ಟು ಬೋರ್ಡೇ ಹೋಗುತ್ತದೆ. ಹಾಗಾಗಿ ಈಗಿರುವ ಇನ್ವರ್ಟರ್ ಇಟ್ಟುಕೊಂಡು ಸೀರೀಸ್ ಮಾಡುವ ಮಾತೇ ಇಲ್ಲ. ಎಲೆಕ್ಟ್ರಿಷಿಯನ್ ಮತ್ತೆ ಬಂದಾಗ ಇನ್ವರ್ಟರ್ ಹಿಂದೆ ಅಂಟಿಸಿರುವ ಚೀಟಿಯಲ್ಲಿ ಡಿಸಿ ವೋಲ್ಟೇಜ್ ಎಷ್ಟು ಅಂತ ಬರೆದಿರುವುದನ್ನು ತೋರಿಸಿ.

‘ಪವರ್ ಡಬಲ್’ ಅನ್ನುವುದನ್ನೂ ಬಿಡಿಸಿ ಹೇಳುತ್ತೇನೆ. ಎರಡು ನೀರಿನ ಟ್ಯಾಂಕ್ ಇವೆ ಅಂದುಕೊಳ್ಳಿ. ಒಂದರ ಮೇಲೊಂದು ಇಟ್ಟರೆ ಎತ್ತರ ಜಾಸ್ತಿ ಆಗಿ ನಲ್ಲಿಯಲ್ಲಿ ಒತ್ತಡ ಹೆಚ್ಚುತ್ತದೆ. ಅದು ಸೀರೀಸ್: ವೋಲ್ಟ್ ಕೂಡುತ್ತದೆ, ಎಎಚ್ (ಆಂಪಿಯರ್-ಅವರ್, ಅಂದರೆ ಎಷ್ಟು ಆಂಪಿಯರ್ ಎಷ್ಟು ಗಂಟೆ ಕೊಡುತ್ತದೆ ಅನ್ನುವ ಲೆಕ್ಕ) ಅಷ್ಟೇ ಇರುತ್ತದೆ. ಅಕ್ಕಪಕ್ಕ ಇಟ್ಟು ತಳದಲ್ಲಿ ಪೈಪ್ ಹಾಕಿದರೆ ಒತ್ತಡ ಅಷ್ಟೇ, ಹರಿವ ಹೊತ್ತು ಜಾಸ್ತಿ. ಅದು ಪ್ಯಾರಲಲ್: ಎಎಚ್ ಕೂಡುತ್ತದೆ, ವೋಲ್ಟ್ ಅಷ್ಟೇ. ಹೇಗೇ ಇಟ್ಟರೂ ಒಳಗಿರುವ ನೀರು ಅಷ್ಟೇ ಅಲ್ವಾ? ಬ್ಯಾಟರಿಯೂ ಹಾಗೆ. 24 ವೋಲ್ಟ್ ಗುಣಿಸು 150 ಅಂದರೂ 3600 ವ್ಯಾಟ್-ಅವರ್, 12 ವೋಲ್ಟ್ ಗುಣಿಸು 300 ಅಂದರೂ 3600. ಸೀರೀಸ್ ಮಾಡಿದ ಮಾತ್ರಕ್ಕೆ ಹೆಚ್ಚು ಕರೆಂಟ್ ಹುಟ್ಟುವುದಿಲ್ಲ.

ಹಾಗಾದರೆ ದೊಡ್ಡ ಇನ್ವರ್ಟರ್‌ಗಳಲ್ಲಿ ಸೀರೀಸ್ ಯಾಕೆ? ವೈರ್‌ಗಾಗಿ. 600 ವ್ಯಾಟ್ ಬೇಕೆಂದರೆ 12 ವೋಲ್ಟಿನಲ್ಲಿ ನಷ್ಟವೂ ಸೇರಿ ಸುಮಾರು 60 ಆಂಪಿಯರ್ ಎಳೆಯಬೇಕು. 24 ವೋಲ್ಟಿನಲ್ಲಿ 30 ಸಾಕು. ಕರೆಂಟ್ ಅರ್ಧ ಆದರೆ ಅದೇ ವೈರಿನಲ್ಲಿ ಬಿಸಿಯಾಗಿ ಹಾಳಾಗುವುದು ಕಾಲು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ 900 ವಿಎ ತನಕ ಒಂದು ಬ್ಯಾಟರಿ ಸಾಕು, ಒಂದೂವರೆ ಸಾವಿರ ವಿಎ ದಾಟಿದರೆ ಎರಡನ್ನು ಸೀರೀಸ್ ಮಾಡಿ 24 ವೋಲ್ಟ್. ಇ-ರಿಕ್ಷಾದಲ್ಲಿ ನಾಲ್ಕು ಸೇರಿಸಿ 48 ವೋಲ್ಟ್ ಮಾಡುವುದೂ ಇದೇ ಲೆಕ್ಕ.

ಪ್ಯಾರಲಲ್‌ನಲ್ಲಿ ನಿಮಗೆ ಸಿಗುವ ಒಂದು ಲಾಭವನ್ನು ಯಾರೂ ಹೇಳಿರಲಿಕ್ಕಿಲ್ಲ. ನಿಮ್ಮ ಲೋಡ್ ಸುಮಾರು 250 ವ್ಯಾಟ್. ಬ್ಯಾಟರಿಯಿಂದ 26-27 ಆಂಪಿಯರ್ ಎಳೆಯುತ್ತದೆ. ಬ್ಯಾಟರಿ ಮೇಲೆ 150 ಎಎಚ್ ಅಂತ ಬರೆದಿರುವುದು ಸಾಮಾನ್ಯವಾಗಿ ಸಿ-20 ಲೆಕ್ಕದಲ್ಲಿ, ಅಂದರೆ 7.5 ಆಂಪಿಯರ್‌ನಂತೆ ನಿಧಾನವಾಗಿ 20 ಗಂಟೆ ಎಳೆದರೆ ಮಾತ್ರ ಅಷ್ಟು. ಜೋರಾಗಿ ಎಳೆದರೆ ಪೂರ್ತಿ ಕೊಡುವುದಿಲ್ಲ. ಎರಡು ಹೊಸ ಬ್ಯಾಟರಿ ಹಂಚಿಕೊಂಡರೆ ಒಂದೊಂದರ ಮೇಲೂ 13 ಆಂಪಿಯರ್ ಬೀಳುತ್ತದೆ, ಹೊರೆ ಹಗುರ. ನಾಲ್ಕೂವರೆ ಗಂಟೆಯ ಎರಡರಷ್ಟು ಅಂದರೆ ಒಂಬತ್ತು ಅಲ್ವಾ, ನಿಮಗೆ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಬರುತ್ತದೆ. ಆದರೆ ಇದು ಎರಡೂ ಹೊಸದಾದರೆ ಮಾತ್ರ.

ಈಗ ನಿಜವಾದ ಪ್ರಶ್ನೆಗೆ ಬರೋಣ. ನಾಲ್ಕೂವರೆ ಗಂಟೆ ಬರುತ್ತಿದ್ದದ್ದು ಒಂದೂವರೆಗೆ ಇಳಿದಿದೆ ಅಂದರೆ ಆ ಬ್ಯಾಟರಿಯಲ್ಲಿ ಮೂರನೇ ಒಂದು ಭಾಗ ಉಳಿದಿದೆ. ಮೇಲೆ 150 ಅಂತ ಬರೆದಿದ್ದರೂ ಅದು ಈಗ 50 ಎಎಚ್ ಬ್ಯಾಟರಿ. ಮುದಿ ಎತ್ತಿನ ಜೊತೆ ಎಳೆ ಹೋರಿಯನ್ನು ನೊಗಕ್ಕೆ ಕಟ್ಟಿದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಪ್ಯಾರಲಲ್‌ನಲ್ಲಿ ಏನಾಗುತ್ತದೆ ಅಂತ ನೋಡಿ. ನಿಮ್ಮ ಟ್ಯೂಬುಲರ್ ಕೂಡ ಲೆಡ್ ಆಸಿಡ್ ಬ್ಯಾಟರಿಯೇ. ಅಂದರೆ ಒಳಗೆ ಆರು ಸೆಲ್, ಒಂದೊಂದು ಎರಡು ವೋಲ್ಟಿಗಿಂತ ಸ್ವಲ್ಪ ಮೇಲೆ, ಆರೂ ಸೀರೀಸ್‌ನಲ್ಲಿ. ನೀವು ‘ಒಂದು’ ಅನ್ನುವ ಬ್ಯಾಟರಿಯೇ ಒಂದು ಸೀರೀಸ್! ಹಳೆಯದಾದಾಗ ಪ್ಲೇಟಿನಿಂದ ಉದುರಿದ ಪುಡಿ ತಳದಲ್ಲಿ ಸೇರಿ ಒಂದು ಸೆಲ್ ಒಳಗೇ ಶಾರ್ಟ್ ಆಗುವುದುಂಟು. ಆಗ ಉಳಿಯುವುದು ಐದು ಸೆಲ್, 10.5 ವೋಲ್ಟ್ ಆಸುಪಾಸು. ಪಕ್ಕದಲ್ಲಿ 12.7 ವೋಲ್ಟಿನ ಹೊಸದು. ನೀವು ಒಂದು ಲೈಟನ್ನೂ ಹಾಕದಿದ್ದರೂ ಹೊಸದು ಹಳೆಯದಕ್ಕೆ ಸುರಿಯುತ್ತಲೇ ಇರುತ್ತದೆ. ಕರೆಂಟ್ ಬಂದು ಚಾರ್ಜರ್ 13.8 ವೋಲ್ಟ್ ಕೊಟ್ಟಾಗ ಅದು ಆರರ ಬದಲು ಐದು ಸೆಲ್ಲಿನ ಮೇಲೆ ಬೀಳುತ್ತದೆ. 2.3 ವೋಲ್ಟ್ ಇರಬೇಕಾದ ಜಾಗದಲ್ಲಿ 2.76. ಬ್ಯಾಟರಿ ಕುದಿಯುತ್ತದೆ, ಮೈ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ, ಡಿಸ್ಟಿಲ್ಡ್ ವಾಟರ್ ವಾರದಲ್ಲಿ ಖಾಲಿ. ಚಾರ್ಜರ್ ಕೊಟ್ಟದ್ದನ್ನೆಲ್ಲ ಅದೇ ನುಂಗುವುದರಿಂದ ಹೊಸದಕ್ಕೆ ಸರಿಯಾಗಿ ತುಂಬುವುದೇ ಇಲ್ಲ. ಪಕ್ಕದ ಮನೆಯವರು ‘ತಿಂದುಬಿಡುತ್ತೆ’ ಅಂದದ್ದು ಸುಳ್ಳಲ್ಲ. ಆದರೆ ತಪ್ಪು ಪ್ಯಾರಲಲ್‌ದಲ್ಲ. ಸರಿಸಮ ಅಲ್ಲದ ಎರಡನ್ನು ಒಟ್ಟಿಗೆ ಕಟ್ಟಿದ್ದು ತಪ್ಪು.

ಸೀರೀಸ್‌ನಲ್ಲಿ ಇದೇ ಜೋಡಿ ಇನ್ನೂ ಕೆಟ್ಟದಾಗಿ ಹಾಳಾಗುತ್ತದೆ, ಅದೂ ಗೊತ್ತಾಗದ ಹಾಗೆ. ಎರಡರಲ್ಲೂ ಒಂದೇ ಕರೆಂಟ್ ಹರಿಯಬೇಕು. 50 ಎಎಚ್ ಹರಿಯುವಷ್ಟರಲ್ಲಿ ಹಳೆಯದು ಖಾಲಿ, ಹೊಸದರಲ್ಲಿ ಇನ್ನೂ ನೂರರ ಹತ್ತಿರ ಉಳಿದಿರುತ್ತದೆ. ಇನ್ವರ್ಟರ್ ನೋಡುವುದು ಒಟ್ಟು ವೋಲ್ಟ್ ಮಾತ್ರ. ಹೊಸದು 12.3, ಹಳೆಯದು 8.7, ಒಟ್ಟು 21. ಪರವಾಗಿಲ್ಲ ಅಂತ ಅದು ಎಳೆಯುತ್ತಲೇ ಇರುತ್ತದೆ, ಅಷ್ಟರಲ್ಲಿ ಹಳೆಯದರ ಒಂದೆರಡು ಸೆಲ್ಲಿನ ಪ್ಲಸ್-ಮೈನಸ್ಸೇ ಉಲ್ಟಾ ಆಗಿರುತ್ತದೆ. ಚಾರ್ಜ್ ಆಗುವಾಗಲೂ ಹಾಗೇ. ಒಟ್ಟು 27.6 ಬಂದರೆ ಚಾರ್ಜರಿಗೆ ಸಮಾಧಾನ. ಅದರಲ್ಲಿ ಹಳೆಯದು ಬೇಗ ತುಂಬಿ 14.8ಕ್ಕೆ ಏರಿ ಕುದಿಯುತ್ತಿದೆ, ಹೊಸದು 12.8ರಲ್ಲೇ ಹಸಿದು ಕೂತಿದೆ ಅನ್ನುವುದು ಅದಕ್ಕೆ ಕಾಣುವುದಿಲ್ಲ.

ಇದನ್ನು ನಾನು ಮೊದಲು ಸರಿಯಾಗಿ ಅರ್ಥ ಮಾಡಿಕೊಂಡದ್ದು ಒಂದು ಲಾರಿಯಿಂದ. ಲಾರಿಯಲ್ಲಿ ಎರಡು 12 ವೋಲ್ಟ್ ಬ್ಯಾಟರಿ ಸೀರೀಸ್‌ನಲ್ಲಿರುತ್ತವೆ. ಎರಡೂ ಒಂದೇ ದಿನ ತಂದದ್ದು, ಒಂದೇ ಕಂಪನಿಯದ್ದು. ಆದರೂ ಪ್ರತಿ ವರ್ಷ ಎಡಗಡೆಯದ್ದು ಮಾತ್ರ ಸಾಯುತ್ತದೆ ಅಂತ ಡ್ರೈವರ್ ಬೇಸರ ಮಾಡಿಕೊಂಡಿದ್ದರು. ಕೊನೆಗೆ ನೋಡಿದರೆ ಸೀಟಿನ ಕೆಳಗಿಂದ ಒಂದು ಕೆಂಪು ವೈರ್ ಬಂದು ಎರಡು ಬ್ಯಾಟರಿಯ ನಡುವಿನ ಲಿಂಕಿಗೆ ಸೇರಿತ್ತು. ಟೇಪ್ ರೆಕಾರ್ಡರಿಗೆ 12 ವೋಲ್ಟ್ ಬೇಕು ಅಂತ ಯಾರೋ ಅಲ್ಲಿಂದ ತೆಗೆದುಕೊಂಡಿದ್ದರು. ಅಂದರೆ ಆ ಎಡಗಡೆಯದ್ದು ಮಾತ್ರ ರಾತ್ರಿಯೆಲ್ಲ ಹಾಡು ಹಾಡಿಸುತ್ತಿತ್ತು, ಚಾರ್ಜರ್ ಮಾತ್ರ ಇಬ್ಬರಿಗೂ ಸಮನಾಗಿ ಬಡಿಸುತ್ತಿತ್ತು. ಮುಂದೆ ನೀವೇನಾದರೂ 24 ವೋಲ್ಟಿಗೆ ಹೋದರೆ ವೈಫೈಗೋ ಕ್ಯಾಮೆರಾಗೋ ನಡುವಿನಿಂದ 12 ವೋಲ್ಟ್ ಎಳೆಯಬೇಡಿ. ಅದಕ್ಕೆ 24ರಿಂದ 12 ಮಾಡುವ ಕನ್ವರ್ಟರ್ ಸಿಗುತ್ತದೆ, ಸಣ್ಣ ಖರ್ಚು.

ಬೆಂಕಿಯ ಭಯದ ಬಗ್ಗೆ. ಪ್ಯಾರಲಲ್ ಮಾಡಿದ್ದಕ್ಕೇ ಬೆಂಕಿ ಹತ್ತುವುದಿಲ್ಲ. ಹತ್ತುವುದು ತಪ್ಪು ಟರ್ಮಿನಲ್ ಸೇರಿಸಿದಾಗ, ವೈರಿನ ತುದಿಗೆ ಹಾಕುವ ಲೋಹದ ಲಗ್ ಸಡಿಲ ಇದ್ದಾಗ, ವೈರ್ ಸಣ್ಣದಾದಾಗ. ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಹೋಗಬೇಕಾದಲ್ಲಿ ಅದಲುಬದಲಾದರೆ ಎರಡೂ ಬ್ಯಾಟರಿ ನೇರವಾಗಿ ಶಾರ್ಟ್, ಸಾವಿರಾರು ಆಂಪಿಯರ್ ಹರಿಯಬಹುದು. 12 ವೋಲ್ಟ್, 24 ವೋಲ್ಟ್ ಶಾಕ್ ಹೊಡೆಯುವುದಿಲ್ಲ ಅಂತ ಜನ ಧೈರ್ಯವಾಗಿ ಕೈ ಹಾಕುತ್ತಾರೆ. ಶಾಕ್ ಹೊಡೆಯುವುದಿಲ್ಲ ನಿಜ, ಆದರೆ ಸುಡುತ್ತದೆ. ಕೆಲಸ ಕಲಿಯುವ ದಿನಗಳಲ್ಲಿ ನನ್ನ ಕೈಯಲ್ಲಿದ್ದ 13ನೇ ನಂಬರ್ ಸ್ಪ್ಯಾನರ್ ಒಂದು ಟರ್ಮಿನಲ್ ಮೇಲಿದ್ದಾಗ ಅದರ ಹಿಂದಿನ ತುದಿ ಇನ್ನೊಂದಕ್ಕೆ ತಾಗಿತು. ಕ್ಷಣ ಮಾತ್ರ. ತೆಗೆದು ನೋಡಿದರೆ ಸ್ಪ್ಯಾನರಿನ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಕಬ್ಬಿಣ ಕರಗಿ ಹೋಗಿತ್ತು. ಅದು ಬೆರಳಿನ ಉಂಗುರ ಆಗಿದ್ದರೆ ಅಂತ ಇವತ್ತಿಗೂ ನೆನೆಸಿಕೊಳ್ಳುತ್ತೇನೆ. ಉಂಗುರ, ಕೈಗಡಿಯಾರ ತೆಗೆದಿಟ್ಟು, ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ ಆಮೇಲೆ ಕೆಲಸ ಶುರು ಮಾಡಿ. ಇನ್ನೊಂದು, ಚಾರ್ಜ್ ಆಗುವಾಗ ಈ ಬ್ಯಾಟರಿಗಳಿಂದ ಹೈಡ್ರೋಜನ್ ಬರುತ್ತದೆ, ಅದು ಹೊತ್ತಿಕೊಳ್ಳುವ ಗ್ಯಾಸ್. ಹಳ್ಳಿಮನೆಗಳಲ್ಲಿ ದೇವರ ಕೋಣೆಯ ಮೂಲೆಯಲ್ಲೇ ಬ್ಯಾಟರಿ ಇಟ್ಟು ಪಕ್ಕದಲ್ಲಿ ದೀಪ ಹಚ್ಚುವುದನ್ನು ನೋಡಿದ್ದೇನೆ. ದಯವಿಟ್ಟು ಗಾಳಿ ಆಡುವ ಕಡೆ, ದೀಪ-ಒಲೆಯಿಂದ ದೂರ ಇಡಿ.

ಲಿಥಿಯಂ ವಿಷಯ ಬೇಗ ಮುಗಿಸುತ್ತೇನೆ. ಲಿಥಿಯಂ ಚೆನ್ನಾಗಿದೆ, ಆದರೆ ಲೆಡ್ ಆಸಿಡ್ ಜೊತೆ ಸೀರೀಸಲ್ಲೂ ಬೇಡ, ಪ್ಯಾರಲಲಲ್ಲೂ ಬೇಡ. ಎರಡರ ವೋಲ್ಟೇಜ್ ಏರುವ ಇಳಿಯುವ ರೀತಿಯೇ ಬೇರೆ, ಕೇಳುವ ಚಾರ್ಜಿಂಗ್ ಬೇರೆ. ಹಾಕುವುದಾದರೆ ಹಳೆಯದನ್ನು ಪೂರ್ತಿ ತೆಗೆದು, ಲಿಥಿಯಂ ಸೆಟ್ಟಿಂಗ್ ಇರುವ ಇನ್ವರ್ಟರ್ ಜೊತೆಗೇ ಹಾಕಬೇಕು.

ಹಾಗಾದರೆ ನಿಮ್ಮ ಮುಂದೆ ಏನೇನು ದಾರಿ ಇದೆ?

ಕಡಿಮೆ ತಲೆನೋವಿನದ್ದು: ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು ಒಂದೇ ದೊಡ್ಡ 200 ಅಥವಾ 220 ಎಎಚ್ ಟ್ಯೂಬುಲರ್ ತರುವುದು. ಒಳಗಿನ ಸೀಸಕ್ಕೆ ಬೆಲೆ ಇದೆ, ಹಾಗಾಗಿ ಹಳೆಯದಕ್ಕೂ ಅಷ್ಟೋ ಇಷ್ಟೋ ದುಡ್ಡು ಸಿಗುತ್ತದೆ. ಜೋಡಿಸುವ ರಗಳೆ ಇಲ್ಲ, ಈಗಿನ ವೈರೇ ಸಾಕು. ಆರೂವರೆ ಗಂಟೆ ಆಸುಪಾಸು ಬರುತ್ತದೆ. ಇನ್ವರ್ಟರ್ ಅಷ್ಟು ದೊಡ್ಡ ಬ್ಯಾಟರಿಗೆ ಆಗುತ್ತದಾ ಅಂತ ಅದರ ಪುಸ್ತಕದಲ್ಲಿ ಒಮ್ಮೆ ನೋಡಿಕೊಳ್ಳಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಇದನ್ನೇ ಮಾಡುತ್ತಿದ್ದೆ. ಯಾಕೆ ಅಂದರೆ ಎರಡನೇ ದಾರಿಯಲ್ಲಿ ಒಂದು ತೊಡಕಿದೆ.

ಎರಡನೇ ದಾರಿ, ಎರಡೂ ಹೊಸ 150 ತಂದು ಪ್ಯಾರಲಲ್ ಮಾಡುವುದು. ಆದರೆ ಈ ಗಾತ್ರದ ಇನ್ವರ್ಟರಿನ ಚಾರ್ಜರ್ ಸಾಮಾನ್ಯವಾಗಿ ಕೊಡುವುದು 10ರಿಂದ 15 ಆಂಪಿಯರ್. 300 ಎಎಚ್‌ಗೆ 30 ಇದ್ದರೆ ಚೆನ್ನ. 12 ಆಂಪಿಯರಿನಲ್ಲಿ ಪೂರ್ತಿ ಖಾಲಿಯಾದ 300 ಎಎಚ್ ತುಂಬಲು ನಷ್ಟ ಸೇರಿ 29 ಗಂಟೆ ಹತ್ತಿರ ಬೇಕು. ದಿನಾ ಬಳಸುವುದು ಈಗಿನಷ್ಟೇ ಆದರೆ ತೊಂದರೆ ಇಲ್ಲ, ತೆಗೆದಷ್ಟು ವಾಪಸ್ ತುಂಬುತ್ತದೆ. ಆದರೆ ಬ್ಯಾಕಪ್ ಜಾಸ್ತಿ ಇದೆ ಅಂದಮೇಲೆ ಬಳಕೆಯೂ ಜಾಸ್ತಿ ಆಗುತ್ತದೆ, ಎಲ್ಲರ ಮನೆಯಲ್ಲೂ ಆಗುವುದೇ. ಜುಲೈ ತಿಂಗಳಲ್ಲಿ ದಿನಕ್ಕೆ ಎಂಟು-ಹತ್ತು ಗಂಟೆ ಕರೆಂಟ್ ಬಂದರೆ ಬ್ಯಾಟರಿಗಳು ಅರ್ಧ ಹೊಟ್ಟೆಯಲ್ಲೇ ಇಡೀ ಮಳೆಗಾಲ ಕಳೆಯುತ್ತವೆ. ಹಾಗೆ ಅರೆಬರೆ ತುಂಬಿ ಕೂತ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಕರಗುವುದಿಲ್ಲ. ಮಲೆನಾಡಿನಲ್ಲಿ ನಾನು ನೋಡಿದ ಬ್ಯಾಟರಿಗಳಲ್ಲಿ ಹೆಚ್ಚಿನವು ವಯಸ್ಸಾಗಿ ಸತ್ತದ್ದಲ್ಲ, ಹೀಗೆ ಹಸಿವಿನಿಂದ ಸತ್ತದ್ದು. ಈ ದಾರಿ ಹಿಡಿಯುವುದಾದರೆ ಜೊತೆಗೆ ಒಂದು ಸೋಲಾರ್ ಪ್ಯಾನಲ್ ಮತ್ತು ಚಾರ್ಜ್ ಕಂಟ್ರೋಲರ್ ಅಥವಾ ಹೆಚ್ಚು ಚಾರ್ಜಿಂಗ್ ಕರೆಂಟಿನ ಇನ್ವರ್ಟರ್ ಬಗ್ಗೆಯೂ ಯೋಚಿಸಿ.

ಜೋಡಿಸುವಾಗ ಇಷ್ಟು ನೋಡಿಕೊಳ್ಳಿ. ಎರಡೂ ಒಂದೇ ಕಂಪನಿ, ಒಂದೇ ಮಾಡೆಲ್, ಸಾಧ್ಯವಾದರೆ ಒಂದೇ ತಿಂಗಳ ತಯಾರಿಕೆ. ಜೋಡಿಸುವ ಮೊದಲು ಒಂದೊಂದನ್ನೂ ಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಸುಮ್ನೆ ಬಿಟ್ಟು, ಮಲ್ಟಿಮೀಟರಿನಲ್ಲಿ ನೋಡಿ. ವ್ಯತ್ಯಾಸ 0.1 ವೋಲ್ಟಿಗಿಂತ ಕಡಿಮೆ ಇರಲಿ. ಇನ್ವರ್ಟರಿಗೆ ಹೋಗುವ ಕೆಂಪು ವೈರ್ ಮೊದಲನೇ ಬ್ಯಾಟರಿಯ ಪ್ಲಸ್ಸಿನಿಂದ, ಕಪ್ಪು ವೈರ್ ಎರಡನೇ ಬ್ಯಾಟರಿಯ ಮೈನಸ್ಸಿನಿಂದ ಬರಲಿ. ಎರಡನ್ನೂ ಮೊದಲನೆಯದರಿಂದಲೇ ತೆಗೆದರೆ ಎರಡನೆಯದರ ಕರೆಂಟ್ ಮಾತ್ರ ಲಿಂಕ್ ವೈರ್‌ಗಳನ್ನು ದಾಟಿ ಬರಬೇಕು. ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸೇ ಕೆಲವೇ ಮಿಲಿ ಓಮ್ ಇರುವಾಗ ವೈರಿನ ಒಂದು ಮಿಲಿ ಓಮ್ ಕೂಡ ಹೊರೆಯನ್ನು ಏರುಪೇರು ಮಾಡುತ್ತದೆ, ಮೊದಲನೆಯದು ದಿನಾ ಹೆಚ್ಚು ದುಡಿದು ಮೊದಲು ಸುಸ್ತಾಗುತ್ತದೆ. ಕರ್ಣರೇಖೆಯಲ್ಲಿ ತೆಗೆದರೆ ಎರಡಕ್ಕೂ ಒಂದೇ ದಾರಿ. ವೈರ್ 25 ಸ್ಕ್ವೇರ್ ಎಂಎಂ ತಾಮ್ರದ್ದು ಕನಿಷ್ಠ, ಲಗ್ ಕ್ರಿಂಪ್ ಮಾಡಿಸಿದ್ದಾಗಿರಲಿ. ಒಂದೊಂದು ಬ್ಯಾಟರಿಯ ಪ್ಲಸ್ಸಿಗೂ ಬೇರೆ ಬೇರೆ ಡಿಸಿ ಫ್ಯೂಸ್ ಹಾಕಿಸಿ. ಮನೆಯ ಬೋರ್ಡಿನ ಮಾಮೂಲಿ ಎಸಿ ಎಂಸಿಬಿಯನ್ನು ಬ್ಯಾಟರಿ ಕಡೆಗೆ ಹಾಕುವ ಅಭ್ಯಾಸ ಕೆಲವರಿಗಿದೆ, ಅದು ಡಿಸಿಯ ಕಿಡಿಯನ್ನು ನಂದಿಸುತ್ತದೆ ಅಂತ ನಂಬಲಾಗದು.

ಮೂರನೇ ದಾರಿ, 24 ವೋಲ್ಟ್ ಇನ್ವರ್ಟರ್ ತಂದು ಎರಡು ಹೊಸ ಬ್ಯಾಟರಿ ಸೀರೀಸ್ ಮಾಡುವುದು. ಮಿಕ್ಸಿ, ಫ್ರಿಜ್ ಎಲ್ಲ ನಡೆಯಬೇಕು ಅಂತಿದ್ದರೆ ಇದೇ ಸರಿ. ಚಾರ್ಜಿಂಗೂ ಇದರಲ್ಲಿ ಸುಲಭ, ಯಾಕೆ ಅಂದರೆ 15 ಆಂಪಿಯರ್ ಅಂದರೆ ಎರಡರ ಮೂಲಕವೂ 15 ಹರಿಯುತ್ತದೆ. ಖರ್ಚು ಜಾಸ್ತಿ. ಮೂರು ತಿಂಗಳಿಗೊಮ್ಮೆ ಚಾರ್ಜ್ ಆಗುತ್ತಿರುವಾಗ ಎರಡರ ವೋಲ್ಟ್ ಬೇರೆ ಬೇರೆ ಅಳೆಯಿರಿ, 0.3ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಕಡಿಮೆ ಇರುವುದನ್ನು ಬೇರೆಯಾಗಿ 12 ವೋಲ್ಟ್ ಚಾರ್ಜರಿನಲ್ಲಿ ತುಂಬಿಸಿ ವಾಪಸ್ ಹಾಕಿ.

ಹಳೆಯದನ್ನು ಬಿಸಾಡಲು ಮನಸ್ಸಿಲ್ಲ ಅಂದರೆ ಅದಕ್ಕೂ ಒಂದು ಕೆಲಸ ಇದೆ. ಕೊಟ್ಟಿಗೆಗೆ ಒಂದು ಸಣ್ಣ ಸೋಲಾರ್ ಪ್ಯಾನಲ್, ಚಾರ್ಜ್ ಕಂಟ್ರೋಲರ್, ಎರಡು 12 ವೋಲ್ಟ್ ಎಲ್‌ಇಡಿ. ಐವತ್ತು ಎಎಚ್ ಅಷ್ಟಕ್ಕೆ ಧಾರಾಳ. ಆದರೆ ಅದರಲ್ಲಿ ಶಾರ್ಟ್ ಆದ ಸೆಲ್ ಇರಬಾರದು.

ಅದನ್ನು ತಿಳಿಯಲು ಈ ಭಾನುವಾರ ಒಂದು ಕೆಲಸ ಮಾಡಿ. ಶನಿವಾರ ರಾತ್ರಿ ಪೂರ್ತಿ ಚಾರ್ಜ್ ಆಗಲಿ. ಬೆಳಿಗ್ಗೆ ಇನ್ವರ್ಟರ್ ಆಫ್ ಮಾಡಿ, ವೈರ್ ಬಿಚ್ಚಿ, ಮೂರ್ನಾಲ್ಕು ಗಂಟೆ ಹಾಗೇ ಬಿಡಿ. ಆಮೇಲೆ ವೋಲ್ಟ್ ನೋಡಿ. 12.6ರ ಮೇಲಿದ್ದರೆ ಸರಿ, 10.5 ಹತ್ತಿರ ಇದ್ದರೆ ಒಂದು ಸೆಲ್ ಹೋಗಿದೆ. ಆಸಿಡ್ ಎಷ್ಟು ಸಾಂದ್ರವಾಗಿದೆ ಅಂತ ಅಳೆಯುವ ಹೈಡ್ರೋಮೀಟರ್ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ, ದುಬಾರಿ ಏನಲ್ಲ. ಆರೂ ಮುಚ್ಚಳ ತೆಗೆದು, ಕೈಗವಸು-ಕನ್ನಡಕ ಹಾಕಿಕೊಂಡು, ಒಂದೊಂದೇ ಸೆಲ್ಲಿನ ಆಸಿಡ್ ಎಳೆದು ನೋಡಿ. ತೇಲುಗೋಲು ಐದರಲ್ಲಿ 1230 ಆಸುಪಾಸು ನಿಂತು ಒಂದರಲ್ಲಿ ಮಾತ್ರ 1140ಕ್ಕೆ ಮುಳುಗಿದರೆ ಕಾಯಿಲೆ ಇರುವುದು ಆ ಸೆಲ್ಲಿನಲ್ಲಿ. 30 ಪಾಯಿಂಟ್ ವ್ಯತ್ಯಾಸಕ್ಕೆ ಅನುಮಾನ ಪಡಿ, 50 ದಾಟಿದರೆ ಕೊಟ್ಟಿಗೆಗೂ ಬೇಡ, ನೇರ ಎಕ್ಸ್‌ಚೇಂಜ್. ಆರೂ ಸಮನಾಗಿ 1180ರ ಹತ್ತಿರ ಕೆಳಗಿದ್ದರೆ ಮಾತ್ರ ವಿಷಯ ಬೇರೆ. ಆಗ ಬ್ಯಾಟರಿ ಮುದಿಯಾದದ್ದಲ್ಲ, ತುಂಬದೇ ಉಳಿದದ್ದಿರಬಹುದು. ಅಂಗಡಿಯಲ್ಲಿ ಒಂದು ದಿನ ಸರಿಯಾಗಿ ಚಾರ್ಜ್ ಮಾಡಿಸಿದರೆ ಸ್ವಲ್ಪ ಚೇತರಿಸಿಕೊಂಡೀತು. ಆರು ಸೆಲ್ಲಿನ ನಂಬರನ್ನೂ ಪ್ಲಸ್ ಕಡೆಯಿಂದ ಸಾಲಾಗಿ ಬರೆದು, ನಿಮ್ಮ ಇನ್ವರ್ಟರಿನ ಚಾರ್ಜಿಂಗ್ ಆಂಪಿಯರ್ ಎಷ್ಟು ಅಂತಲೂ ಸೇರಿಸಿ ಕಳಿಸಿ. ಅಲ್ಲಿಯವರೆಗೆ ಹೊಸದನ್ನು ತರಬೇಡಿ.